ಓರಗಿತ್ತಿಯ ಕಾಲಿನ ವೇಗ

ಬಸ್ ಡಿಪೋದ ಹಿಂಭಾಗದಲ್ಲಿ, ಹಳೆಯ ಟೈರುಗಳ ಗುಡ್ಡೆ ದಾಟಿದರೆ, ತಗಡಿನ ಚಾವಣಿಯ ಒಂದು ಉದ್ದನೆಯ ಕೋಣೆ ಸಿಗುತ್ತದೆ. ಒಳಗೆ ಅರ್ಧ ಬಸ್ಸು ನಿಂತಿದೆ. ಅರ್ಧ ಎಂದರೆ ಮುಂದಿನ ಅರ್ಧ: ಡ್ರೈವರ್ ಸೀಟು, ಸ್ಟೀರಿಂಗು, ಮೂರು ಪೆಡಲು, ಒಂದು ಕನ್ನಡಿ, ಅಷ್ಟೆ. ಎದುರಿಗೆ ಗೋಡೆಯಗಲದ ಬಿಳಿ ಪರದೆ. ಪರದೆಯ ಮೇಲೆ ರಸ್ತೆಯ ಚಿತ್ರ ಓಡುತ್ತದೆ. ಓಡುತ್ತ ಓಡುತ್ತ ಇದ್ದಕ್ಕಿದ್ದಂತೆ ನಾಯಿಯೊಂದು ಅಡ್ಡ ಬರುತ್ತದೆ, ಇಲ್ಲವೇ ನಿಂತ ಕಾರಿನ ಬಾಗಿಲು ತೆರೆದುಕೊಳ್ಳುತ್ತದೆ. ಸೀಟಿನಲ್ಲಿ ಕೂತವರು ಬ್ರೇಕ್ ತುಳಿಯಬೇಕು. ಅಡ್ಡ ಬಂದ ಗಳಿಗೆಯಿಂದ ಕಾಲು ಬ್ರೇಕಿನ ಮೇಲೆ ಊರಿದ ಗಳಿಗೆಯವರೆಗೆ ಎಷ್ಟು ಹೊತ್ತಾಯಿತೆಂದು ಪಕ್ಕದ ಮೇಜಿನ ಯಂತ್ರ ಸೆಕೆಂಡಿನ ನೂರನೇ ಭಾಗದವರೆಗೆ ತೋರಿಸುತ್ತದೆ. ಅದನ್ನು ನೋಡಿ ಹಾಳೆಯಲ್ಲಿ ಬರೆದುಕೊಳ್ಳುವವಳು ಸೆಕೆಂಡಕ್ಕ.

ಆ ಹೆಸರಿಟ್ಟವರು ಡ್ರೈವರುಗಳು. ಮನೆಯಲ್ಲಿ ಅವಳು ದೊಡ್ಡ ಸೊಸೆ. 'ಮನೇಲಿ ಫಸ್ಟು, ಇಲ್ಲಿ ಸೆಕೆಂಡು' ಎಂದು ಅವಳೇ ನಗುತ್ತಿದ್ದಳು. ನಲವತ್ಮೂರು ವರ್ಷ, ಬಿಗಿದು ಕಟ್ಟಿದ ಜುಟ್ಟು, ಮುತ್ತು ಪೋಣಿಸಿದಂಥ ಅಕ್ಷರ. ಹದಿನಾರು ವರ್ಷದಲ್ಲಿ ಅವಳ ಹಾಳೆಯಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಹೊಸಬರು ಬಂದಾಗ ಅವಳು ಹೇಳುವ ಮಾತು ಒಂದೇ: "ಗಂಟೆಗೆ ನಲವತ್ತು ಕಿಲೋಮೀಟರ್ ಹೋಗೋ ಬಸ್ಸು ಒಂದು ಸೆಕೆಂಡಿಗೆ ಹನ್ನೊಂದು ಮೀಟರ್ ಹೋಗುತ್ತಪ್ಪಾ. ನೀನು ಸೆಕೆಂಡಿನ ಹತ್ತನೇ ಒಂದು ಭಾಗ ತಡ ಮಾಡಿದ್ರೆ ಮೂರೂವರೆ ಅಡಿ. ಆ ಮೂರೂವರೆ ಅಡೀಲಿ ಯಾರು ನಿಂತಿರ್ತಾರೋ ಗೊತ್ತಿಲ್ಲ."

ಎಪ್ಪತ್ತೈದರ ಒಳಗೆ ಬಂದರೆ ಪಾಸು, ಅಂದರೆ ಸೆಕೆಂಡಿನ ನೂರು ಪಾಲಿನಲ್ಲಿ ಎಪ್ಪತ್ತೈದು. ತೊಂಬತ್ತು ದಾಟಿದರೆ ಮನೆಗೆ, ನಡುವೆ ಬಂದರೆ ಇನ್ನೊಂದು ಅವಕಾಶ. ಇನ್ನೊಂದು ನಿಯಮವಿತ್ತು: ಇಪ್ಪತ್ತಕ್ಕಿಂತ ಕಡಿಮೆ ಬಂದರೆ ಅದು ಲೆಕ್ಕಕ್ಕಿಲ್ಲ. ಮನುಷ್ಯನ ಕಾಲು ಅಷ್ಟು ಬೇಗ ಬರಲಾರದು. ಕಂಡದ್ದಕ್ಕೆ ತುಳಿದದ್ದಲ್ಲ ಅದು, ಬರಬಹುದು ಎಂದು ತುಳಿದದ್ದು. ಅಂಥದಕ್ಕೆ 'ಊಹೆ' ಎಂದು ಬರೆಯಬೇಕು. ಹತ್ತು ಸಲದಲ್ಲಿ ಮೂರು ಊಹೆ ಬಿದ್ದರೆ ಮೂರು ತಿಂಗಳು ಬಿಟ್ಟು ಮತ್ತೆ ಬರಬೇಕು.

ಸೆಕೆಂಡಕ್ಕ ಡಿಪೋಗೆ ಬಂದದ್ದು ಅಳೆಯುವುದಕ್ಕಲ್ಲ. ಇಪ್ಪತ್ತೇಳರ ವಯಸ್ಸಿನಲ್ಲಿ ಡ್ರೈವರ್ ಆಗಬೇಕೆಂದೇ ಬಂದಿದ್ದಳು. ಆಗ ಅರ್ಜಿ ಹಾಕಿದ ಹೆಂಗಸು ಅವಳೊಬ್ಬಳೇ. ಇದೇ ಸೀಟಿನಲ್ಲಿ ಕೂತು ಹತ್ತು ಸಲ ತುಳಿದಳು. ಸರಾಸರಿ ತೊಂಬತ್ಮೂರು ಬಂತು. ಆಗಿನ ಪರೀಕ್ಷಕರು, ವಯಸ್ಸಾದವರು, ಕನ್ನಡಕ ತೆಗೆದು ಒರೆಸುತ್ತ, "ನಿನ್ನ ಕಾಲು ತಲೆಯ ಅಪ್ಪಣೆಗೆ ಕಾಯುತ್ತಮ್ಮ. ಕೆಟ್ಟದ್ದಲ್ಲ ಅದು, ಆದ್ರೆ ಬಸ್ಸಿಗಾಗಲ್ಲ. ಅಕ್ಷರ ಚೆನ್ನಾಗಿದೆ, ಈ ಕಡೆ ಕೂತ್ಕೊ" ಎಂದರು. ಅವಳು ಈ ಕಡೆ ಕೂತಳು. ಮನೆಯಲ್ಲಿ ಮಾತ್ರ, "ಅಕ್ಷರ ನೋಡಿ ಆಫೀಸ್ ಕೆಲಸಾನೇ ಕೊಟ್ರು" ಎಂದಳು. ಸುಳ್ಳೂ ಅಲ್ಲ, ನಿಜವೂ ಅಲ್ಲ. ಅಲ್ಲಿಂದಾಚೆಗೆ ಅವಳ ಕೆಲಸವೇನೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ಅಷ್ಟೆ.

ಅವಳ ಗಂಡ ಮತ್ತು ಮೈದುನ ಸೇರಿ ಬೀಗ, ಕೀಲಿಕೈಗಳ ಅಂಗಡಿ ಇಟ್ಟಿದ್ದರು. ಮೈದುನನ ಹೆಂಡತಿ ಮನೆಗೆ ಬಂದು ಐದು ವರ್ಷವಾಗಿತ್ತು. ಇಪ್ಪತ್ತೊಂಬತ್ತರ ಹುಡುಗಿ, ನಕ್ಕರೆ ಬೀದಿಗೆ ಕೇಳಬೇಕು. ತವರಿನಲ್ಲಿ ಅಪ್ಪನ ಶಾಲಾ ವ್ಯಾನು ಓಡಿಸಿ ಬೆಳೆದವಳು. ಡಿಪೋದಲ್ಲಿ ಹೆಂಗಸರನ್ನು ಡ್ರೈವರುಗಳಾಗಿ ತೆಗೆದುಕೊಳ್ಳುತ್ತಾರೆಂಬ ಸುದ್ದಿ ಬಂದ ದಿನ ಅವಳು ಊಟದ ಮಧ್ಯೆಯೇ ಎದ್ದು ಅರ್ಜಿ ಬರೆಯಲು ಕೂತಳು. ಅತ್ತೆ ಬಟಾಣಿ ಸುಲಿಯುತ್ತಿದ್ದವರು ತಲೆಯೆತ್ತಿ, "ಬಸ್ಸಾ? ನೀನಾ? ಭಲೇ ಹೆಣ್ಣೇ!" ಎಂದರು. ಹದಿನಾರು ವರ್ಷದಲ್ಲಿ ಅತ್ತೆಯ ಬಾಯಿಂದ ದೊಡ್ಡ ಸೊಸೆಗೆ ಒಂದು 'ಭಲೇ' ಬಂದಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಅದೇ ಮಾತು. ಸಂಜೆ ಚಿಕ್ಕವಳು ತರಬೇತಿಯಿಂದ ಬಂದರೆ ಅತ್ತೆ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಕೇಳುವರು: ಕ್ಲಚ್ ಎಂದರೇನು, ಅಷ್ಟು ದೊಡ್ಡ ಗಾಡಿಯನ್ನು ಹಿಂದಕ್ಕೆ ಹೇಗೆ ತಗೋತೀಯ, ಹೆದರಿಕೆ ಆಗಲ್ವಾ. ಪಕ್ಕದಲ್ಲೇ ಸೆಕೆಂಡಕ್ಕ ಪಾತ್ರೆ ಒರೆಸುತ್ತಿದ್ದಳು. ಆ ಪ್ರಶ್ನೆಗಳಿಗೆಲ್ಲ ಅವಳ ಬಳಿ ಉತ್ತರವಿತ್ತು, ಕೇಳುವವರಿರಲಿಲ್ಲ. ಗಂಡನೂ ಒಂದು ದಿನ, "ಅವಳ ಕಾಲು ನೋಡಿದ್ಯೇನೆ? ನಿನ್ನೆ ಗಾಡೀಲಿ ಹೋಗ್ತಾ ಇದ್ವಿ, ಬೆಕ್ಕು ಅಡ್ಡ ಬಂತು. ನನಗೆ ಬೆಕ್ಕು ಕಾಣೋದ್ರೊಳಗೆ ಗಾಡಿ ನಿಂತಿತ್ತು" ಎಂದ.

"ಬೆಕ್ಕಿಗೂ ಕಣ್ಣಿರುತ್ತಲ್ಲ, ಅದೇ ನಿಂತಿರಬೇಕು ಬಿಡಿ" ಎಂದಳು ಸೆಕೆಂಡಕ್ಕ. ಗಂಡ ನಕ್ಕ. ಅವಳು ನಗಲಿಲ್ಲ. ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತ್ತು.

ಪರೀಕ್ಷೆಯ ದಿನ ಬಂತು. ಸಂಬಂಧಿಕರನ್ನು ಪರೀಕ್ಷಿಸಬಾರದು, ಅಂಥವರು ಬಂದರೆ ತರಬೇತಿ ಅಧಿಕಾರಿಗೆ ಹೇಳಿ ಬೇರೆಯವರನ್ನು ಕೂರಿಸಬೇಕು. ಸೆಕೆಂಡಕ್ಕ ಹೇಳಲಿಲ್ಲ. ಆ ಅಂಕಿಯನ್ನು ತನ್ನ ಕಣ್ಣಾರೆ ನೋಡಬೇಕಿತ್ತು ಅವಳಿಗೆ. ಬೆಕ್ಕಿನ ಕಥೆಗಳಿಗೆ ಯಂತ್ರ ಮರುಳಾಗುವುದಿಲ್ಲ, ಇವಳದೂ ಎಲ್ಲರ ಹಾಗೆ ಎಪ್ಪತ್ತರ ಆಸುಪಾಸು ಬರುತ್ತದೆ, ಅಲ್ಲಿಗೆ ಮನೆಯ ಸಡಗರ ಮುಗಿಯುತ್ತದೆ ಎಂದುಕೊಂಡಿದ್ದಳು.

ಚಿಕ್ಕವಳು ಸೀಟು ಹತ್ತಿ, "ಅಕ್ಕಾ, ಈ ಸೀಟು ಸ್ವಲ್ಪ ಮುಂದಕ್ಕೆ ಎಳ್ಕೊಳ್ಲಾ?" ಎಂದಳು.

"ಇಲ್ಲಿ ಅಕ್ಕ ಗಿಕ್ಕ ಇಲ್ಲ. ಮುಂದೆ ನೋಡು."

ಚಿತ್ರ ಓಡಿತು. ಸೈಕಲ್ಲು ವಾಲಿತು: ನಲವತ್ತೆಂಟು. ಲಾರಿ ಇದ್ದಕ್ಕಿದ್ದಂತೆ ನಿಂತಿತು: ಐವತ್ತು. ಗೇಟಿನಿಂದ ಮುದುಕ ಹೊರಬಂದ: ನಲವತ್ತೇಳು. ಸೆಕೆಂಡಕ್ಕನ ಪೆನ್ನು ಒಂದು ಗಳಿಗೆ ನಿಂತಿತು. ಹದಿನಾರು ವರ್ಷದಲ್ಲಿ ಐವತ್ತರ ಒಳಗೆ ಬಂದವರು ಇಬ್ಬರೋ ಮೂವರೋ, ಅದೂ ಒಂದು ಸಲ ಬಂದರೆ ಇನ್ನೊಂದು ಸಲ ಇಲ್ಲ. ಇವಳದು ಗಡಿಯಾರದ ಮುಳ್ಳಿನಂತೆ ಒಂದೇ ಸಮ.

ನಾಲ್ಕನೆಯದು ಚೆಂಡು. ನಿಂತ ವ್ಯಾನಿನ ಹಿಂದಿನಿಂದ ರಸ್ತೆಗೆ ಚೆಂಡು ಉರುಳಿತು. ಯಂತ್ರ ಹನ್ನೆರಡು ಎಂದಿತು.

"ಊಹೆ" ಎಂದಳು ಸೆಕೆಂಡಕ್ಕ, ಸ್ವಲ್ಪ ಗಟ್ಟಿಯಾಗಿಯೇ.

"ಊಹೆ ಅಲ್ಲ ಅಕ್ಕ, ವ್ಯಾನಿನ ಕೆಳಗೆ ನೆರಳು ಓಡ್ತು."

"ಯಾವ ನೆರಳು?"

"ಮಗೂದು."

ಸೆಕೆಂಡಕ್ಕ ಆ ಚಿತ್ರವನ್ನು ಸಾವಿರಾರು ಸಲ ನೋಡಿದ್ದಳು. ಅವಳಿಗೆ ಅಲ್ಲಿ ಎಂದೂ ನೆರಳು ಕಂಡಿರಲಿಲ್ಲ. ಆರನೆಯದು ನಾಯಿ: ಹದಿನೇಳು. ಮತ್ತೆ ಊಹೆ. ಎರಡೂ ನಿಯಮದ ಪ್ರಕಾರವೇ. ಅಲ್ಲಿಯವರೆಗೆ ಅವಳ ಹಾಳೆಯಲ್ಲಿ ತಪ್ಪಿರಲಿಲ್ಲ. ಒಂಬತ್ತನೆಯದು ಕಾರಿನ ಬಾಗಿಲು. ಯಂತ್ರದ ಮೇಲೆ ಕೆಂಪಗೆ ಇಪ್ಪತ್ನಾಲ್ಕು ಹೊಳೆಯಿತು. ಇಪ್ಪತ್ನಾಲ್ಕು ಎಂದರೆ ಲೆಕ್ಕಕ್ಕುಂಟು. ಲೆಕ್ಕಕ್ಕುಂಟು ಅಷ್ಟೇ ಅಲ್ಲ, ಆ ಕೋಣೆಯಲ್ಲಿ ಹಿಂದೆಂದೂ ಯಾರೂ ಮಾಡದ ಸಾಧನೆ. ಗೋಡೆಯ ಹಲಗೆಯ ಮೇಲೆ ಬರೆದು ಎಲ್ಲರಿಗೂ ತೋರಿಸುವಂಥದ್ದು.

ಚಿಕ್ಕವಳ ಕಣ್ಣು ಪರದೆಯ ಮೇಲಿತ್ತು. ಯಂತ್ರದ ಮುಖ ಸೆಕೆಂಡಕ್ಕನ ಕಡೆ ಮಾತ್ರ ಇತ್ತು. ಅವಳು ಮುತ್ತಿನಂಥ ಅಕ್ಷರದಲ್ಲಿ 'ಹತ್ತೊಂಬತ್ತು' ಎಂದು ಬರೆದು ಗುಂಡಿ ಒತ್ತಿದಳು. ಯಂತ್ರ ಸೊನ್ನೆಗೆ ಹೋಯಿತು.

"ಮೂರು ಊಹೆ ಆಯ್ತು. ಮೂರು ತಿಂಗಳು ಬಿಟ್ಟು ಬಾ."

ಚಿಕ್ಕವಳು ಸೀಟಿನಿಂದ ಇಳಿಯಲಿಲ್ಲ. "ಏನ್ ತಪ್ಪು ಮಾಡ್ದೆ ಅಕ್ಕ?"

"ನಿನ್ನ ಕಾಲಿಗೆ ಅವಸರ. ಬಸ್ಸಿಗೆ ಅವಸರದ ಕಾಲು ಆಗಲ್ಲ" ಎಂದಳು ಸೆಕೆಂಡಕ್ಕ. ತನಗೆ ಹಿಂದೊಮ್ಮೆ ಯಾರೋ ಹೇಳಿದ ಮಾತಿನ ಧಾಟಿಯೇ ಬಾಯಿಗೆ ಬಂದದ್ದು ಅವಳಿಗೆ ಆಮೇಲೆ ಹೊಳೆಯಿತು.

ಅಂದು ಸಂಜೆ ಅವಳು ಮನೆಗೆ ಹಗುರಾಗಿಯೇ ಹೋದಳು. ಇನ್ನು ಮೂರು ತಿಂಗಳು ಈ ಬಸ್ಸಿನ ಪುರಾಣ ಇರುವುದಿಲ್ಲ ಎಂದುಕೊಂಡಳು. ಆದದ್ದು ತಿರುಗುಮುರುಗು. ಅತ್ತೆ ಚಿಕ್ಕವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದರು. ಗಂಡ, ಮೈದುನ ಇಬ್ಬರೂ ಅಂಗಡಿ ಬೇಗ ಮುಚ್ಚಿ ಬಂದಿದ್ದರು. ಪಕ್ಕದ ಮನೆಯವರೂ ಬಂದು ಸಮಾಧಾನ ಹೇಳಿದರು. ಗೆದ್ದಿದ್ದರೆ ಒಂದು ದಿನ ಹೊಗಳುತ್ತಿದ್ದವರು ಈಗ ದಿನವೂ ತಲೆಯ ಮೇಲೆ ಕೂರಿಸಿಕೊಂಡರು. ಅತ್ತೆ ದೊಡ್ಡ ಸೊಸೆಯನ್ನು ಕೇಳಿದ್ದು ಒಂದೇ: "ನಿಮ್ಮ ಆಫೀಸಲ್ಲಿ ಹೇಳಿ ಏನಾದ್ರೂ ಮಾಡಕ್ಕಾಗಲ್ವಾ?"

"ನಿಯಮ ಅತ್ತೆ" ಎಂದು ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಬೀಗದ ಅಂಗಡಿಯವರ ಮನೆ. ಹಾಕುವುದು ಸುಲಭ, ತೆಗೆಯುವುದೇ ಕಷ್ಟ.

ಎರಡನೆಯ ವಾರದಲ್ಲಿ ಮೈದುನ ಹೊಸ ಆಟ ತಂದ. ಒಬ್ಬರು ಅಳತೆಪಟ್ಟಿಯನ್ನು ಮೇಲಿನಿಂದ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಬೆರಳು ತೆರೆದು ಕಾಯಬೇಕು. ಹೇಳದೆ ಕೇಳದೆ ಬಿಟ್ಟಾಗ ಎಷ್ಟನೇ ಸೆಂಟಿಮೀಟರಿನಲ್ಲಿ ಹಿಡಿದರು ಎಂದು ನೋಡುವುದು. ಕಾಲಿನ ಅವಸರ ಇಳಿಸುವುದಕ್ಕೆ ಅಭ್ಯಾಸ ಎಂದು ಶುರುವಾಗಿ, ಮನೆಮಂದಿಯ ಹುಚ್ಚಾಯಿತು. ಚಿಕ್ಕವಳು ಹನ್ನೊಂದಕ್ಕೆ ಹಿಡಿದಳು. ಗಂಡಸರಿಬ್ಬರೂ ಹದಿನೆಂಟು, ಇಪ್ಪತ್ತು. ಅತ್ತೆ ಇಪ್ಪತ್ತೈದಕ್ಕೆ ಹಿಡಿದು, "ಅರವತ್ತೆಂಟು ನಡೀತಿದೆ ನಂಗೆ, ಮರೀಬೇಡಿ!" ಎಂದು ಬೀಗಿದರು. ಸೆಕೆಂಡಕ್ಕ ಒಳಗಿಂದ ಹೊರಗೆ ಬರಲೇ ಇಲ್ಲ. ಕೊನೆಗೆ ಹದಿನೈದರ ಮಗಳು ಕೈ ಹಿಡಿದೆಳೆದಳು. "ಅಮ್ಮಾ, ಎಲ್ಲರದ್ದೂ ಅಳೀತೀಯಲ್ಲ, ನಿಂದೂ ಒಂದ್ಸಲ!"

ಅವಳು ಬೆರಳು ತೆರೆದು ನಿಂತಳು. ಮಗಳು ಪಟ್ಟಿ ಬಿಟ್ಟಳು. ಅದು ಬೆರಳುಗಳ ನಡುವೆ ಜಾರಿ ನೆಲಕ್ಕೆ ಬಿದ್ದು ಟಣ್ ಎಂದಿತು. ಬೆರಳು ಮುಚ್ಚಿದ್ದು ಆಮೇಲೆ. ಎಲ್ಲರೂ ನಕ್ಕರು. ಯಾರ ನಗುವಿನಲ್ಲೂ ಕೆಟ್ಟದ್ದಿರಲಿಲ್ಲ. ಚಿಕ್ಕವಳಂತೂ ಪಟ್ಟಿ ಎತ್ತಿಕೊಟ್ಟು, "ಇನ್ನೊಂದ್ಸಲ ಮಾಡಿ ಅಕ್ಕ, ಪಟ್ಟಿ ನೋಡ್ಬೇಡಿ. ಬಿಡೋರ ಹೆಬ್ಬೆರಳು ನೋಡಿ. ಬಿಡೋಕೆ ಮುಂಚೆ ಅದು ಸಡಿಲ ಆಗುತ್ತೆ" ಎಂದಳು.

ಸೆಕೆಂಡಕ್ಕ ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ನಿಂತಳು. ಹೆಬ್ಬೆರಳು! ಇವಳಿಗೆ ಎಲ್ಲ ಮೊದಲೇ ಕಾಣುತ್ತದೆ. ವಿದ್ಯೆ ಎಂದಾದರೆ ಕಲಿಯಬಹುದು, ಇದು ಹುಟ್ಟಿನಿಂದ ಬಂದದ್ದು. ಆ ಹುಟ್ಟು ಅವಳ ಪಾಲಿಗೇ ಏಕೆ ಹೋಗಬೇಕಿತ್ತು? ಒಲೆಯ ಮೇಲಿನ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯಿತು. ಅದನ್ನೂ ಅವಳು ತಡವಾಗಿಯೇ ನೋಡಿದಳು.

ಮಾರನೆಯ ಬೆಳಗ್ಗೆ ಡಿಪೋಗೆ ಎಲ್ಲರಿಗಿಂತ ಮೊದಲು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಚೆಂಡಿನ ಚಿತ್ರವನ್ನು ಒಂದೊಂದೇ ಚೌಕಟ್ಟಾಗಿ ನಿಲ್ಲಿಸಿ ನೋಡತೊಡಗಿದಳು. ಸುಳ್ಳಾಗಿರಲಿ ಎಂದೇ ನೋಡಿದಳು. ನೆರಳು ಇತ್ತು. ವ್ಯಾನಿನ ಕೆಳಗೆ, ಹಿಂದಿನ ಚಕ್ರದ ಪಕ್ಕ, ಬೆರಳಗಲದ ಕಪ್ಪು. ಚೆಂಡು ಕಾಣುವುದಕ್ಕೆ ಒಂಬತ್ತು ಚೌಕಟ್ಟು ಮೊದಲು. ಸೆಕೆಂಡಿಗೆ ಇಪ್ಪತ್ತೈದು ಚೌಕಟ್ಟು, ಒಂಬತ್ತೆಂದರೆ ಸೆಕೆಂಡಿನ ನೂರು ಪಾಲಿನಲ್ಲಿ ಮೂವತ್ತಾರು. ಯಂತ್ರ ತೋರಿಸಿದ ಹನ್ನೆರಡಕ್ಕೆ ಮೂವತ್ತಾರು ಸೇರಿಸಿದಳು. ನಲವತ್ತೆಂಟು. ಸೈಕಲ್ಲಿಗೆ ಬಂದಿದ್ದೂ ಅದೇ ನಲವತ್ತೆಂಟು.

ನಾಯಿಯ ಚಿತ್ರ ಹಾಕಿದಳು. ನಾಯಿ ಬರುವುದಕ್ಕೆ ಎಂಟು ಚೌಕಟ್ಟು ಮೊದಲು ರಸ್ತೆಬದಿಯ ಹೆಂಗಸು ಕತ್ತು ತಿರುಗಿಸುತ್ತಿದ್ದಳು. ಹದಿನೇಳಕ್ಕೆ ಮೂವತ್ತೆರಡು ಸೇರಿಸಿದರೆ ನಲವತ್ತೊಂಬತ್ತು. ಬಾಗಿಲಿನ ಚಿತ್ರದಲ್ಲಿ ಕಾರಿನೊಳಗಿದ್ದವನ ಭುಜ ಆರು ಚೌಕಟ್ಟು ಮೊದಲೇ ಏಳುತ್ತಿತ್ತು. ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕು, ಮತ್ತೆ ನಲವತ್ತೆಂಟು. ಒಂದೂ ಊಹೆಯಲ್ಲ. ಎಲ್ಲ ಕಂಡದ್ದು.

ಆಮೇಲೆ ಅವಳು ತಾನೇ ಸೀಟು ಹತ್ತಿದಳು. ಎಲ್ಲಿ ಏನು ಬರುತ್ತದೆ ಎಂಬುದು ಬಾಯಿಪಾಠವಾಗಿದ್ದ ಚಿತ್ರ. ಆದರೂ ಬಂದದ್ದು ಎಂಬತ್ತೆಂಟು. ಆ ತಣ್ಣನೆಯ ಕೋಣೆಯಲ್ಲಿ, ಅರ್ಧ ಬಸ್ಸಿನಲ್ಲಿ ಕೂತು ಅವಳು ಅತ್ತಳು. ಓರಗಿತ್ತಿಗೆ ಅನ್ಯಾಯವಾಯಿತೆಂದು ಅತ್ತಳು ಎಂದು ಹೇಳಿದರೆ ನಾನು ಬಣ್ಣ ಹಚ್ಚಿದಂತಾಗುತ್ತದೆ. ಅವಳು ಅತ್ತದ್ದು ಎಂಬತ್ತೆಂಟಕ್ಕೆ.

ಆದರೆ ಆ ಹತ್ತೊಂಬತ್ತು ಅವಳನ್ನು ಬಿಡಲಿಲ್ಲ. ಓರಗಿತ್ತಿಯ ಮೇಲಿನ ಹೊಟ್ಟೆಕಿಚ್ಚಿನ ಜೊತೆ ಬಾಳಬಹುದಿತ್ತು, ಲೋಕದಲ್ಲಿ ಎಷ್ಟೋ ಜನ ಬಾಳುತ್ತಾರೆ. ತಾನು ಬರೆದ ತಪ್ಪು ಅಂಕಿಯ ಜೊತೆ ಬಾಳುವುದು ಅವಳಿಗೆ ಆಗಲಿಲ್ಲ. ಹದಿನಾರು ವರ್ಷದಲ್ಲಿ ಅವಳದೆಂದು ಇದ್ದದ್ದು ಅದೊಂದೇ, ಸರಿಯಾದ ಅಂಕಿ. ನಾಲ್ಕು ದಿನ ಊಟ ಸೇರಲಿಲ್ಲ. ಐದನೆಯ ದಿನ ಹಾಳೆಯನ್ನೂ, ಚೌಕಟ್ಟುಗಳ ಲೆಕ್ಕ ಬರೆದ ಕಾಗದವನ್ನೂ ಹಿಡಿದು ತರಬೇತಿ ಅಧಿಕಾರಿಯ ಮುಂದೆ ನಿಂತಳು.

ಅಧಿಕಾರಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದವರು ಹಾಗೇ ನಿಂತರು. "ಬೇಕಂತ ಬರೆದ್ರಾ?"

"ಬೇಕಂತಾನೆ ಸರ್."

"ಅವರು ನಿಮ್ಮ ಓರಗಿತ್ತಿ ಅನ್ನೋದೂ ಮುಚ್ಚಿಟ್ರಿ."

"ಹೌದು ಸರ್."

"ಎಂಥ ಕೆಲಸ ಮಾಡ್ಕೊಂಡ್ರಮ್ಮ! ನೀವು ಬಾಯಿ ಬಿಡದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಯಂತ್ರಕ್ಕೆ ಗೊತ್ತಿತ್ತು ಸರ್" ಎಂದಳು. ಅಧಿಕಾರಿ ಚಹಾ ಪಕ್ಕಕ್ಕಿಟ್ಟು ಲೆಕ್ಕದ ಕಾಗದ ಕೈಗೆ ತೆಗೆದುಕೊಂಡರು.

ಡಿಪೋದ ಕಾಗದ ಮನೆಗೆ ಬರುವ ಮೊದಲು ತಾನೇ ಹೇಳಬೇಕೆಂದು ಅಂದೇ ಸಂಜೆ, ಎಲ್ಲರೂ ಇರುವಾಗ, ಹೇಳಿದಳು. ಸುತ್ತಿ ಬಳಸಿ ಹೇಳಲಿಲ್ಲ. ಮೈದುನ ಎದ್ದು ನಿಂತ. ಗಂಡ ನೆಲ ನೋಡಿದ. ಅತ್ತೆ, "ಮನೆಮುರುಕಿ" ಎಂದು ಮುಖ ತಿರುಗಿಸಿ ಕೂತರು. ಚಿಕ್ಕವಳೊಬ್ಬಳೇ ಅವಳನ್ನೇ ನೋಡುತ್ತಿದ್ದಳು.

"ಇಪ್ಪತ್ನಾಲ್ಕನ್ನ ಹತ್ತೊಂಬತ್ತು ಮಾಡಿದ್ರಾ? ಯಾಕೆ ಅಕ್ಕ?"

"ಹೊಟ್ಟೆಕಿಚ್ಚು ಕಣೆ."

"ನನ್ನ ಮೇಲಾ? ನನ್ನ ಹತ್ರ ಏನಿದೆ?"

"ಕಾಲಿದೆ."

ಆಮೇಲೆ ಚಿಕ್ಕವಳು ಕೇಳಿದಳು: "ನಿಮಗೆ ಎಷ್ಟು ಬಂದಿತ್ತು?" ಆಫೀಸ್ ಕೆಲಸದ ಹಳೆಯ ಕಥೆಯ ಹಿಂದೇನಿತ್ತೆಂದು ಅವಳಿಗೆ ಆ ಗಳಿಗೆಯಲ್ಲೇ ತಿಳಿದಿತ್ತು. ಅದನ್ನೂ ಮೊದಲೇ ಕಂಡುಬಿಟ್ಟಳು.

"ತೊಂಬತ್ಮೂರು."

"ತೊಂಬತ್ಮೂರಾ!" ಚಿಕ್ಕವಳು ನಕ್ಕಳು. ಒಳ್ಳೆಯ ನಗುವಲ್ಲ ಅದು. ಬೀದಿಗೆ ಕೇಳುವಂತೆ ನಕ್ಕು, ನಕ್ಕು, ಕಣ್ಣಲ್ಲಿ ನೀರು ತಂದುಕೊಂಡು, "ಅಷ್ಟೊತ್ತಿಗೆ ನಮ್ಮತ್ತೆ ಬಸ್ ನಿಲ್ಸಿ, ಇಳಿದು, ತರಕಾರಿ ತಗೊಂಡಿರ್ತಾರೆ!" ಎಂದಳು. ಮುಖ ತಿರುಗಿಸಿಕೊಂಡಿದ್ದ ಅತ್ತೆಗೂ ನಗು ತಡೆಯಲಾಗಲಿಲ್ಲ. ಸೆಕೆಂಡಕ್ಕ ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡಳು. ನಗು ಮುಗಿದ ಮೇಲೆ ಚಿಕ್ಕವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಎಂಟೊಂಬತ್ತು ತಿಂಗಳು ಅವಳನ್ನು 'ಅಕ್ಕ' ಎನ್ನಲಿಲ್ಲ. ಏನಾದರೂ ಬೇಕಿದ್ದರೆ ಗೋಡೆಗೆ ಹೇಳುವಂತೆ, "ಉಪ್ಪಿನ ಡಬ್ಬಿ ಎಲ್ಲಿಟ್ಟಿದಾರಂತೆ?" ಎನ್ನುತ್ತಿದ್ದಳು.

ಚಿಕ್ಕವಳಿಗೆ ಕೆಲಸ ಸಿಕ್ಕಿತು, ಆದರೆ ಅವಳ ಜೊತೆಯವರಿಗಿಂತ ಒಂದೂವರೆ ತಿಂಗಳು ತಡವಾಗಿ. ಡಿಪೋದಲ್ಲಿ ಮೊದಲು ಬಂದವರಿಗೆ ಮೊದಲ ಆಯ್ಕೆ. ಜೊತೆಯವರು ಹಗಲಿನ ಪಾಳಿ ತೆಗೆದುಕೊಂಡರು. ಇವಳ ಪಾಲಿಗೆ ಒಂದು ವರ್ಷ ಬೆಳಗಿನ ಮೊದಲ ಬಸ್ಸು ಉಳಿಯಿತು. ಕೋಳಿ ಏಳುವ ಮೊದಲು ಏಳಬೇಕು. ಸೆಕೆಂಡಕ್ಕ ಅವಳಿಗಿಂತ ಕಾಲು ಗಂಟೆ ಮೊದಲೆದ್ದು ಚಹಾ ಕಾಯಿಸಿ ಲೋಟ ಮೇಜಿನ ಮೇಲಿಡುತ್ತಿದ್ದಳು. ಮೊದಲ ತಿಂಗಳು ಆ ಚಹಾ ಅಲ್ಲೇ ಆರಿ ಕೆನೆ ಕಟ್ಟುತ್ತಿತ್ತು. ಎರಡನೆಯ ತಿಂಗಳಿನಿಂದ ಲೋಟ ಖಾಲಿಯಾಗತೊಡಗಿತು. ಮಾತು ಮಾತ್ರ ಇಲ್ಲ.

ಸೆಕೆಂಡಕ್ಕನನ್ನು ಪರೀಕ್ಷೆಯ ಕೋಣೆಯಿಂದ ತೆಗೆದು, ಬಸ್ಸಿನಲ್ಲಿ ಜನ ಬಿಟ್ಟುಹೋದ ಸಾಮಾನುಗಳ ಕೌಂಟರಿಗೆ ಹಾಕಿದರು. ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಹಲ್ಲಿನ ಸೆಟ್ಟು. ಮಾಡಿದ್ದುಣ್ಣೋ ಮಹರಾಯ. ಅವಳ ಎರಡು ವರ್ಷದ ಹಾಳೆಗಳನ್ನೆಲ್ಲ ತೆಗೆದು, ಸಿಕ್ಕ ಡ್ರೈವರುಗಳನ್ನು ಮತ್ತೆ ಕೂರಿಸಿ ತಾಳೆ ನೋಡಿದರು. ಬೇರೆ ತಪ್ಪು ಸಿಗಲಿಲ್ಲ. ಅದನ್ನು ಹೇಳಲು ಬಂದ ಗುಮಾಸ್ತನಿಗೆ ಅವಳು, "ಸಿಗಲ್ಲ" ಎಂದಷ್ಟೇ ಹೇಳಿ ಛತ್ರಿಗೆ ಚೀಟಿ ಕಟ್ಟಿದಳು.

ಎಂಟು ತಿಂಗಳ ಮೇಲೆ ಅಧಿಕಾರಿ ಅವಳನ್ನು ಕರೆಸಿದರು. ಅವಳು ಕೊಟ್ಟಿದ್ದ ಚೌಕಟ್ಟುಗಳ ಲೆಕ್ಕ ಅವರ ಮೇಜಿನ ಮೇಲಿತ್ತು. ಊಹೆ ಎಂದು ಹೇಳಿ ಇಷ್ಟು ವರ್ಷ ಎಷ್ಟು ಜನ ಒಳ್ಳೆಯವರನ್ನು ವಾಪಸ್ ಕಳಿಸಿದ್ದೇವೋ ಎಂದು ಅವರಿಗೆ ಕೊರೆಯುತ್ತಿತ್ತಂತೆ. ಪರೀಕ್ಷೆಯ ಎಲ್ಲ ಚಿತ್ರಗಳಲ್ಲಿ ಎಲ್ಲೆಲ್ಲಿ ಮೊದಲೇ ಸುಳಿವು ಇದೆಯೋ ಅಷ್ಟನ್ನೂ ಗುರುತು ಮಾಡಿ, ಅಳತೆಯನ್ನು ಅಲ್ಲಿಂದ ಶುರು ಮಾಡಬೇಕು ಎಂದರು. ಪರೀಕ್ಷೆ ಮಾಡುವುದಕ್ಕಲ್ಲ, ಗುರುತು ಹಾಕುವುದಕ್ಕೆ ಮಾತ್ರ ಅವಳು ಬೇಕು. "ಜೊತೆಗೆ ಸುಳಿವು ಕಾಣೋರು ಒಬ್ಬರು ಬೇಕು. ಯಾರು ಅಂತ ನಿಮಗೇ ಗೊತ್ತು."

ಚಿಕ್ಕವಳು ಮೊದಲು, "ಪುರುಸೊತ್ತಿಲ್ಲ" ಎಂದು ಹೇಳಿಕಳಿಸಿದಳು. ಮರುವಾರ ಪಾಳಿ ಮುಗಿಸಿ, ಸಮವಸ್ತ್ರದಲ್ಲೇ, ಹಸಿದುಕೊಂಡೇ ಬಂದಳು. ಇಬ್ಬರೂ ಪರದೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು.

"ಅಲ್ಲಿ. ನಿಲ್ಸಿ. ಆ ಹೆಂಗಸಿನ ಕೈಚೀಲ."

"ಏನಿದೆ ಕೈಚೀಲದಲ್ಲಿ?"

"ಎಡಗೈಯಿಂದ ಬಲಗೈಗೆ ಹೋಯ್ತು. ರಸ್ತೆ ದಾಟೋರು ಹಾಗೆ ಮಾಡ್ತಾರೆ, ಮಗೂನ ಹಿಡ್ಕೊಳ್ಳೋಕೆ ಒಂದು ಕೈ ಖಾಲಿ ಮಾಡ್ಕೋತಾರೆ."

ಸೆಕೆಂಡಕ್ಕನಿಗೆ ಮೂರು ಸಲ ತಿರುಗಿಸಿದ ಮೇಲೆ ಕಂಡಿತು. ಚೌಕಟ್ಟಿನ ಸಂಖ್ಯೆ ಬರೆದುಕೊಂಡಳು. ಬರೆಯುವಾಗ ಹೊಟ್ಟೆಯೊಳಗೆ ಅದೇ ಹಳೆಯ ಉರಿ ಎದ್ದಿತು. ಹೋಗಿರಲಿಲ್ಲ ಅದು, ಪ್ರತಿ ಸಲ 'ಅಲ್ಲಿ' ಎಂದಾಗಲೂ ಎದ್ದಿತು. ಆದರೆ ಕೈ ಬರೆಯುವುದನ್ನು ನಿಲ್ಲಿಸಲಿಲ್ಲ, ಅಂಕಿಯೂ ತಪ್ಪಲಿಲ್ಲ. ಎರಡನೆಯ ವಾರ ಚಿಕ್ಕವಳು ಪರದೆಯ ಮೇಲಿನ ಕಣ್ಣು ತೆಗೆಯದೆ, "ಅಕ್ಕ, ತಿನ್ನೋಕೆ ಏನಾದ್ರೂ ತಂದಿದೀರಾ?" ಎಂದಳು. ಸೆಕೆಂಡಕ್ಕ ಡಬ್ಬಿ ಮುಂದಕ್ಕೆ ತಳ್ಳಿದಳು.

ಒಂದು ತಿಂಗಳಲ್ಲಿ ನಲವತ್ತೊಂದು ಸುಳಿವುಗಳು ಸಿಕ್ಕವು. ಕೊನೆಯ ದಿನ ಸೆಕೆಂಡಕ್ಕ ಒಬ್ಬಳೇ ಎಲ್ಲ ಚಿತ್ರಗಳನ್ನೂ ಮತ್ತೊಮ್ಮೆ ಮೊದಲಿನಿಂದ ಚೌಕಟ್ಟು ಚೌಕಟ್ಟಾಗಿ ನೋಡಿದಳು. ಮಧ್ಯಾಹ್ನ ಚಿಕ್ಕವಳು ಬಂದಾಗ ಒಂದು ಕಡೆ ನಿಲ್ಲಿಸಿ, "ಇದನ್ನ ನೋಡಿದ್ಯಾ?" ಎಂದು ಕೇಳಿದಳು. ಅಂಗಡಿಯ ಗಾಜಿನಲ್ಲಿ, ಓಣಿಯಿಂದ ಬರುತ್ತಿದ್ದ ಸ್ಕೂಟರಿನ ದೀಪ ಒಂದೇ ಒಂದು ಚುಕ್ಕಿಯಾಗಿ ಮಿನುಗಿತ್ತು.

ಚಿಕ್ಕವಳು ಬಗ್ಗಿ ನೋಡಿದಳು. ಇನ್ನೊಮ್ಮೆ ನೋಡಿದಳು. ಅವಳ ಹುಬ್ಬು ಗಂಟಾಯಿತು. "ಇಲ್ಲ. ಇದು ಕಂಡಿರಲಿಲ್ಲ" ಎಂದಳು, ಸ್ವಲ್ಪ ಹೊಟ್ಟೆ ಉರಿದವಳಂತೆಯೇ.

ಸೆಕೆಂಡಕ್ಕ ಪಟ್ಟಿಯಲ್ಲಿ ನಲವತ್ತೆರಡು ಎಂದು ಬರೆದು, ಎದುರಿಗೆ ಆ ಚೌಕಟ್ಟಿನ ಸಂಖ್ಯೆ ತುಂಬಿದಳು. ಅಂದು ಸಂಜೆ ಆ ಗಾಜಿನ ಚುಕ್ಕಿಯ ವಿಷಯವನ್ನು ಗಂಡನಿಗೆ ಎರಡು ಸಲ, ಮಗಳಿಗೆ ಒಂದು ಸಲ ಹೇಳಿದಳು. ಅತ್ತೆ ಬಟ್ಟೆ ಮಡಚುತ್ತ ಕೂತಿದ್ದವರು, "ಯಾವ ಗಾಜು? ಎಲ್ಲಿ? ಸರಿಯಾಗಿ ಹೇಳೇ" ಎಂದು ಕುರ್ಚಿ ಎಳೆದುಕೊಂಡರು.